ಬಾರದವರ ಕುರ್ಚಿ ಯಾರದು?

2019ರ ಜುಲೈ 28, ಭಾನುವಾರ. ವಿಧಾನಸಭೆಯ ಸ್ಪೀಕರ್ ಆಗಿದ್ದ ಕೆ.ಆರ್. ರಮೇಶ್ ಕುಮಾರ್ ಅಂದು ಒಟ್ಟಿಗೇ 14 ಶಾಸಕರನ್ನು ಅನರ್ಹಗೊಳಿಸಿದರು. ಮೂರು ದಿನ ಮೊದಲು ಇನ್ನೂ ಮೂವರ ಶಾಸಕತ್ವ ಹೋಗಿತ್ತು. ಆ 17 ಮಂದಿಯಲ್ಲಿ ಬೆಂಗಳೂರಿನ ನಮ್ಮ ಈ ಪೂರ್ವ ಭಾಗದವರು ಇಬ್ಬರು: ಕೆ.ಆರ್. ಪುರದ ಬೈರತಿ ಬಸವರಾಜ್ ಮತ್ತು ಶಿವಾಜಿನಗರದ ರೋಷನ್ ಬೇಗ್. ಟಿನ್ ಫ್ಯಾಕ್ಟರಿಯಿಂದ ತೂಗುಸೇತುವೆ ದಾಟಿದರೆ ಮೊದಲನೆಯವರ ಕ್ಷೇತ್ರ. ಶಿವಾಜಿನಗರದ ಬಸ್ಸು ಹತ್ತಿದರೆ ಎರಡನೆಯವರದು.

ಸದನಕ್ಕೆ ಬಾರದೆ ಮುಂಬೈನಲ್ಲಿ ಕೂತಿದ್ದಕ್ಕೆ ಅವರ ಸ್ಥಾನ ಹೋಯಿತು ಎಂದೇ ಬಹಳ ಜನರ ನೆನಪಿನಲ್ಲಿ ಉಳಿದಿದೆ. ಬೇಗ್ ಅವರಂತೂ ಮುಂಬೈಗೆ ಹೋದವರೇ ಅಲ್ಲ. ಕಾನೂನು ಹೇಳಿದ್ದೂ ಬೇರೆ. ಜುಲೈ 17ರಂದು ಸುಪ್ರೀಂ ಕೋರ್ಟ್, ತನ್ನ ಮೊರೆ ಹೋಗಿದ್ದ 15 ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತ್ತು. 23ರಂದು ವಿಶ್ವಾಸಮತ ನಡೆದಾಗ ಪರವಾಗಿ 99, ವಿರುದ್ಧ 105 ಮತ ಬಿದ್ದು ಕುಮಾರಸ್ವಾಮಿ ಸರ್ಕಾರ ಉರುಳಿತು. ಅನರ್ಹತೆ ಬಂದದ್ದು ಪಕ್ಷಾಂತರ ನಿಷೇಧದ ಹತ್ತನೇ ಶೆಡ್ಯೂಲಿನ ಅಡಿ. ಅಂದರೆ ಅವರು ಪಕ್ಷಕ್ಕೆ ಬೆನ್ನು ತೋರಿಸಿದ್ದು ತಪ್ಪಾಯಿತು. ಕ್ಷೇತ್ರದ ಜನಕ್ಕೆ ಬೆನ್ನು ತೋರಿಸಿದರೋ ಇಲ್ಲವೋ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಕೇಳುವುದಕ್ಕೆ ಆ ಶೆಡ್ಯೂಲಿನಲ್ಲಿ ಜಾಗವೂ ಇಲ್ಲ.

ಉಪಚುನಾವಣೆ ನಡೆದದ್ದು ಡಿಸೆಂಬರ್ 5ಕ್ಕೆ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಎರಡೂ ಕ್ಷೇತ್ರಗಳಿಗೆ ಶಾಸಕರಿರಲಿಲ್ಲ. ಆಮೇಲೆ ಶಿವಾಜಿನಗರ ರಿಜ್ವಾನ್ ಅರ್ಷದ್ ಅವರನ್ನು ಹೊಸದಾಗಿ ಆರಿಸಿತು. ಕೆ.ಆರ್. ಪುರ ಬಸವರಾಜ್ ಅವರನ್ನೇ, ಈ ಸಲ ಬಿಜೆಪಿಯಿಂದ, ಮತ್ತೆ ಕಳಿಸಿತು. ಎರಡೂ ತೀರ್ಪು ಜನರದೇ, ಎರಡನ್ನೂ ನಾನು ಗೌರವಿಸುತ್ತೇನೆ. ಪಕ್ಷ ಬಿಟ್ಟವರನ್ನು ತೆಗೆಯಲು ನಮ್ಮಲ್ಲಿ ಇಷ್ಟು ಹರಿತವಾದ ಕಾನೂನಿದೆ. ಗೆದ್ದು ಬಂದು ಕೆಲಸವನ್ನೇ ಬಿಟ್ಟವರ ವಿಷಯದಲ್ಲಿ ಆ ಹರಿತ ಎಲ್ಲಿ ಹೋಯಿತು?

ನಿಯಮ ಇಲ್ಲವೆಂದಲ್ಲ. ಸಂವಿಧಾನದ 190ನೇ ವಿಧಿಯ ನಾಲ್ಕನೇ ಉಪವಿಧಿ ಶಾಸಕರಿಗೆ, 101ನೇ ವಿಧಿಯದು ಸಂಸದರಿಗೆ. ಸದನದ ಅನುಮತಿ ಇಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಸದನ ಆ ಸ್ಥಾನ ಖಾಲಿ ಎಂದು ಘೋಷಿಸಬಹುದು. ಕೇಳಲು ಬಿಗಿಯಾಗಿದೆ, ಬಿಡಿಸಿ ನೋಡಿದರೆ ಸಡಿಲ. ಅಧಿವೇಶನ ಮುಗಿದ ಮೇಲಿನ ದಿನಗಳು ಲೆಕ್ಕಕ್ಕಿಲ್ಲ. ನಡುವೆ ಸತತ ನಾಲ್ಕು ದಿನಕ್ಕಿಂತ ಹೆಚ್ಚು ಸಭೆ ಮುಂದೂಡಿದರೆ ಅವೂ ಇಲ್ಲ. ವರ್ಷದಲ್ಲಿ ಕೆಲವೇ ವಾರ ಸೇರುವ ನಮ್ಮ ವಿಧಾನಸಭೆಯಲ್ಲಿ ಈ ಲೆಕ್ಕದ 60 ದಿನ ತುಂಬಬೇಕಾದರೆ ವರ್ಷವೇ ದಾಟೀತು. ನಡುವೆ ಒಂದು ದಿನ ಬಂದು ಮುಖ ತೋರಿಸಿದರೆ ಎಣಿಕೆ ಮತ್ತೆ ಒಂದರಿಂದ ಶುರು. ಇಷ್ಟೆಲ್ಲ ಆದಮೇಲೂ ‘ಘೋಷಿಸಬಹುದು’ ಅಷ್ಟೆ, ಘೋಷಿಸಲೇಬೇಕೆಂದಿಲ್ಲ.

2014ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ರೇಖಾ ರಾಜ್ಯಸಭೆಗೆ ಬರುತ್ತಿಲ್ಲವೆಂದು ಗಲಾಟೆ ಎದ್ದಾಗ ಉಪಸಭಾಪತಿ ಪಿ.ಜೆ. ಕುರಿಯನ್ ಎದ್ದು ನಿಂತು ಇದೇ ಲೆಕ್ಕ ಒಪ್ಪಿಸಿದರು. ಸಚಿನ್ 40 ದಿನ ಗೈರು, ರೇಖಾ ಅದಕ್ಕಿಂತ ಕಡಿಮೆ, ನಿಯಮ ಮುರಿದಿಲ್ಲ ಎಂದರು. ಅಲ್ಲಿಗೆ ಮಾತು ಮುಗಿಯಿತು. ಈ ವಿಧಿಯ ಅಡಿ ನಿಜವಾಗಿ ಕುರ್ಚಿ ಕಳೆದುಕೊಂಡವರು ಎಂದರೆ 2000ದಲ್ಲಿ ಪಂಜಾಬಿನ ರಾಜ್ಯಸಭಾ ಸದಸ್ಯ ಬರ್ಜಿಂದರ್ ಸಿಂಗ್ ಹಮ್‌ದರ್ದ್. ಬೇರೆ ಹೆಸರು ಹುಡುಕುವುದೇ ಕಷ್ಟ.

ನಮ್ಮ ವಿಧಾನಸಭೆ ಹಿಡಿದದ್ದು ಓಲೈಸುವ ದಾರಿ. ಸ್ಪೀಕರ್ ಯು.ಟಿ. ಖಾದರ್ ಅವರು ಬೇಗ ಬಂದ ಶಾಸಕರನ್ನು ಗುರುತಿಸಿ ಉಡುಗೊರೆ ಕೊಡಿಸಿದರು. 2024ರಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತು ಕೂತರು ಎಂದು ದಾಖಲಿಸುವ ಎಐ ಕ್ಯಾಮೆರಾ ಬಂತು. 2025ರ ಫೆಬ್ರುವರಿಯಲ್ಲಿ, ಊಟದ ನಂತರ ಶಾಸಕರು ಮನೆಗೆ ಹೋಗದಿರಲೆಂದು ಮೊಗಸಾಲೆಯಲ್ಲಿ ಒರಗುವ ಕುರ್ಚಿ ಹಾಕಿಸುವ ಮಾತು ಬಂತು. ಖಾದರ್ ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಬಾರದವರಿಗೆ ಏನೂ ಆಗುವುದಿಲ್ಲ ಎಂದಾದರೆ ಕ್ಯಾಮೆರಾ ಬರೆದಿಟ್ಟ ಹೊತ್ತಿನಿಂದ ಮತದಾರನಿಗೆ ಏನು ಸಿಕ್ಕಿತು?

ಇನ್ನೊಂದು ಬಗೆಯ ಗೈರುಹಾಜರಿಯನ್ನು ಸದನವೇ ಸೃಷ್ಟಿಸಿತು. 2025ರ ಮಾರ್ಚ್ 21ರಂದು, ಸದನದಲ್ಲಿ ಗದ್ದಲ ಎಬ್ಬಿಸಿದರೆಂದು 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಲಾಯಿತು, ಮೇ ತಿಂಗಳಲ್ಲಿ ಆದೇಶ ವಾಪಸಾಯಿತು. ಆ ಪಟ್ಟಿಯಲ್ಲೂ ಕೆ.ಆರ್. ಪುರದ ಶಾಸಕರಿದ್ದರು. ಅಂದಿನ ಗದ್ದಲಕ್ಕೆ ಯಾರು ಕಾರಣರೇ ಇರಲಿ, ಒಂದು ಕ್ಷೇತ್ರದ ದನಿಯನ್ನು ಆರು ತಿಂಗಳು ಹೊರಗಿಡುವ ಹಕ್ಕು ಸದನಕ್ಕೆ ಇರಬೇಕೆ ಎಂಬುದನ್ನು ಆ ಕ್ಷೇತ್ರದವರೂ ಕೇಳಬೇಕು.

ಬಾರದವರ ಜಾಗ ತುಂಬುವ ನಿಯಮ ಬೇರೆ ಕಡೆ ಇದೆ. ಅಂತರ್ಜಾಲದಲ್ಲಿ ಸಂಸತ್ತು, ಮಂತ್ರಿಮಂಡಲ, ನ್ಯಾಯಾಲಯ ಎಲ್ಲವನ್ನೂ ಕಟ್ಟಿಕೊಂಡು ಸರ್ಕಾರ ನಡೆಸುವ ಆಟ ಆಡುವ ಹುಡುಗ ಹುಡುಗಿಯರಿದ್ದಾರೆ. ಚುನಾವಣೆ ಗೆದ್ದವರು ಪರೀಕ್ಷೆ ಬಂತೆಂದೋ ಬೇಸರವಾಯಿತೆಂದೋ ನಾಪತ್ತೆಯಾಗುವುದು ಅಲ್ಲಿ ಮಾಮೂಲು. ಅದಕ್ಕೇ ಅಂಥ ಬಳಗಗಳು ಮೊದಲೇ ನಿಯಮ ಬರೆದಿಟ್ಟುಕೊಳ್ಳುತ್ತವೆ: ಇಂತಿಷ್ಟು ಮತದಾನ ತಪ್ಪಿಸಿದರೆ, ಇಂತಿಷ್ಟು ದಿನ ಸುದ್ದಿಯಿಲ್ಲದಿದ್ದರೆ ಹುದ್ದೆ ಹೋಯಿತು, ಮುಂದಿನವರು ಬನ್ನಿ. ವಿಕಿಪೀಡಿಯದಲ್ಲೂ ಹೀಗೇ. ತಮ್ಮದೇ ನಿಯಮ ಮಾಡಿಕೊಳ್ಳದ ಎಲ್ಲ ಭಾಷೆಯ ವಿಕಿಗಳಿಗೆ ಒಂದು ಸಾಮಾನ್ಯ ನಿಯಮವಿದೆ. ನಿರ್ವಾಹಕರಾದವರು ಎರಡು ವರ್ಷ ಏನೂ ಮಾಡದಿದ್ದರೆ ಅವರಿಗೂ ಸಮುದಾಯಕ್ಕೂ ತಿಳಿವಳಿಕೆ ಹೋಗುತ್ತದೆ, ಉತ್ತರ ಬಾರದಿದ್ದರೆ ಅಧಿಕಾರ ವಾಪಸು. ಅವರು ಕೆಟ್ಟವರೆಂದು ಯಾರೂ ಹೇಳುವುದಿಲ್ಲ, ವಿಚಾರಣೆ ಇಲ್ಲ, ಅವಮಾನ ಇಲ್ಲ. ಕೆಲಸ ನಿಂತಿದೆ, ಮಾಡುವವರು ಬೇಕು ಎಂಬುದಷ್ಟೇ ಕಾರಣ. ಕಾಸು ಸಂಬಳವಿಲ್ಲದ ಕಡೆ ಇರುವ ಈ ಶಿಸ್ತು, ತೆರಿಗೆಯ ಹಣದಲ್ಲಿ ಸಂಬಳ, ಭತ್ಯೆ, ಪಿಂಚಣಿ ಪಡೆಯುವ ಕಡೆ ಇಲ್ಲವೆಂಬುದು ನನ್ನನ್ನು ನಿಜವಾಗಿ ಕಾಡುತ್ತದೆ.

ಶಾಸಕರದು ಒಂದು ಕಥೆಯಾದರೆ ವಾರ್ಡಿನದು ಇನ್ನೂ ದೊಡ್ಡದು. ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಪಕ್ಕ ಹೂ ಮಾರುವ ಹೆಂಗಸೊಬ್ಬರು ಮಳೆಗಾಲದ ಒಂದು ಸಂಜೆ ಬುಟ್ಟಿಯನ್ನು ಕಲ್ಲಿನ ಮೇಲೆತ್ತಿಟ್ಟು, ಉಕ್ಕಿದ ಮೋರಿ ನೀರಿನಿಂದ ಕಾಲು ಸರಿಸಿಕೊಂಡು ನಿಂತಿದ್ದರು. ಬಸ್ಸಿಗೆ ಕಾಯುತ್ತಿದ್ದ ಹುಡುಗ, “ಕಾರ್ಪೊರೇಟರ್‌ಗೆ ಹೇಳಿ ಅಮ್ಮ” ಅಂದ. “ಯಾರಪ್ಪಾ ಈಗ ಕಾರ್ಪೊರೇಟ್ರು? ಹೆಸರು ಹೇಳು, ಹೋಗಿ ಕೇಳ್ತೀನಿ” ಅಂದರು ಆಕೆ. ಹುಡುಗನಿಗೆ ಗೊತ್ತಿರಲಿಲ್ಲ. ಯಾಕೆಂದರೆ ಗೊತ್ತಿರಲು ಯಾರೂ ಇರಲಿಲ್ಲ.

198 ವಾರ್ಡುಗಳ ಬಿಬಿಎಂಪಿ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ನಗರಸಭೆ, ಪಾಲಿಕೆಗಳ ಆಯಸ್ಸು ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ ಸಂವಿಧಾನದ 243ಯು ವಿಧಿ. ಆಗಲಿಲ್ಲ. ಆಡಳಿತಾಧಿಕಾರಿ ಬಂದರು. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದು ಅದೇ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ತಡೆ ನೀಡಿತು. ವಾರ್ಡುಗಳು ಕಾಗದದ ಮೇಲೆ 243 ಆದವು, 225 ಆದವು. ಕೊನೆಗೆ 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದವು. ಬೆನ್ನಿಗಾನಹಳ್ಳಿ ಸೇರಿದ ಸಿ.ವಿ. ರಾಮನ್ ನಗರ ಕ್ಷೇತ್ರ ಕೇಂದ್ರ ಪಾಲಿಕೆಗೆ, ಸೇತುವೆಯಾಚೆಯ ಕೆ.ಆರ್. ಪುರ ಪೂರ್ವ ಪಾಲಿಕೆಗೆ. ಒಟ್ಟು 369 ವಾರ್ಡು. ಒಬ್ಬ ಸದಸ್ಯ ಸಭೆ ತಪ್ಪಿಸಿದರೆ ಹುದ್ದೆ ಹೋಗಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದೇವೆ. ಇಲ್ಲಿ ಇಡೀ ಸಭೆಯೇ ಐದು ವರ್ಷ ಗೈರು, ಅದಕ್ಕೆ ಯಾರ ಹುದ್ದೆಯೂ ಹೋಗಲಿಲ್ಲ.

ಜನರೇ ವಾಪಸು ಕರೆಸಿಕೊಳ್ಳಲಿ ಎನ್ನುವವರಿದ್ದಾರೆ. ಛತ್ತೀಸಗಡದಲ್ಲಿ 2008ರಲ್ಲಿ ಮೂರು ಪಟ್ಟಣಗಳ ಅಧ್ಯಕ್ಷರನ್ನು ಜನ ಮತ ಹಾಕಿಯೇ ಇಳಿಸಿದ್ದುಂಟು. ಬೆಂಗಳೂರಿಗೆ ಅದು ಸರಿಹೊಂದುತ್ತದೆ ಎಂದು ನನಗನ್ನಿಸುವುದಿಲ್ಲ. ದುಡ್ಡಿದ್ದವರು ಸೋತ ಮರುದಿನವೇ ಸಹಿ ಸಂಗ್ರಹಕ್ಕೆ ಇಳಿದಾರು. ಜೊತೆಗೆ ಪ್ರತಿ ಸಲ ಕುರ್ಚಿ ಖಾಲಿಯಾದಾಗ 2019ರಂತೆ ತಿಂಗಳುಗಟ್ಟಲೆ ಕಾಯುವವರು ಜನವೇ.

ಅದಕ್ಕಿಂತ ಸಣ್ಣದು, ಆದರೆ ಆಗುವಂಥದ್ದು ಒಂದಿದೆ. ಶಾಸಕರ ಹಾಜರಿಯನ್ನು ಅಧಿವೇಶನ ಮುಗಿದ ವಾರದಲ್ಲೇ ಕ್ಷೇತ್ರವಾರು ಕನ್ನಡದಲ್ಲಿ ಪ್ರಕಟಿಸಲಿ. ಹೊಸ ಪಾಲಿಕೆ ಸದಸ್ಯರ ಕೌನ್ಸಿಲ್ ಮತ್ತು ವಾರ್ಡ್ ಸಮಿತಿ ಹಾಜರಿಯನ್ನು ವಾರ್ಡ್ ಕಚೇರಿಯ ಬಾಗಿಲಿಗೆ ಪ್ರತಿ ತಿಂಗಳು ಅಂಟಿಸಲಿ. ಕಾರಣ ಹೇಳದೆ ಸತತ ಮೂರು ಸಭೆ ತಪ್ಪಿಸಿದರೆ ರಾಜೀನಾಮೆ ಕೊಡುತ್ತೇನೆಂದು, ಮತ ಕೇಳಲು ಬಂದವರಿಂದ ಬೆನ್ನಿಗಾನಹಳ್ಳಿ, ವಿಜಿನಾಪುರ, ಕೆ.ಆರ್. ಪುರದ ನಿವಾಸಿ ಸಂಘಗಳು ಬರೆಸಿಕೊಳ್ಳಲಿ. ಅದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ, ಗೊತ್ತು. ಆದರೆ ಆ ಕಾಗದಕ್ಕೆ ಸಹಿ ಹಾಕಲು ಹಿಂದೇಟು ಹಾಕುವವರು ಯಾರೆಂದು ಮತ ಹಾಕುವ ಮೊದಲೇ ತಿಳಿಯುತ್ತದೆ.