ವಿಧಾನಸೌಧವೂ ನಮ್ಮ ಬಳ್ಳಾರಿಯೂ

ನಮ್ಮ ಬಾಲಿಕೆಯರು ಬೆಂಗಳೂರಿಗೆ ಪ್ರವಾಸ ಹೋದಾಗಲೆಲ್ಲ ವಿಧಾನಸೌಧದ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಅದಕ್ಕೆ ಅಸ್ತಿಭಾರವನ್ನಿಟ್ಟಾಗ ಬಳ್ಳಾರಿಯು ಯಾವ ಸಂಸ್ಥಾನಕ್ಕೆ ಸೇರಿದ್ದಿತೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಆದಕಾರಣ ಅದರ ಚರಿತ್ರೆಯನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಇಲ್ಲಿ ಅರಿಕೆಮಾಡುತ್ತೇವೆ.

1951ನೆಯ ಇಸವಿ ಜುಲೈ 13ರಂದು ಪಂಡಿತ ಜವಾಹರಲಾಲ್ ನೆಹರೂರವರು ಅಸ್ತಿಭಾರವನ್ನಿಟ್ಟರು. ಕೆ. ಸಿ. ರೆಡ್ಡಿಯವರು ಆಗ ಮೈಸೂರಿನ ಮುಖ್ಯಮಂತ್ರಿಗಳು, ಯೋಜನೆಯೂ ಸಾಧಾರಣವಾದುದೇ. ಬಳ್ಳಾರಿಯಾದರೋ ಮದರಾಸಿಗೆ ಒಳಪಟ್ಟಿದ್ದಿತು. ಸಿರುಗುಪ್ಪದವರು ತುಂಗಭದ್ರೆಯನ್ನು ದಾಟಿದರೆ ಹೈದರಾಬಾದು ಸೀಮೆ.

1952ರಲ್ಲಿ ಕೆಂಗಲ್ ಹನುಮಂತಯ್ಯನವರು ಅಧಿಕಾರಕ್ಕೆ ಬಂದು ಯೋಜನೆಯನ್ನೇ ಬದಲಿಸಿದರು. ಬೆಂಗಳೂರನ್ನು ನೋಡಬಂದ ರಷ್ಯದ ಅತಿಥಿಗಳು, ಎಲ್ಲಿ ನೋಡಿದರೂ ಐರೋಪ್ಯ ಮಾದರಿಯ ಕಟ್ಟಡಗಳೇ ಇರಲಾಗಿ, ನಿಮ್ಮದೇ ಆದ ಶಿಲ್ಪವಿಲ್ಲವೇ ಎಂದು ಕೇಳಿದರಂತೆ. ಆ ಮಾತು ಅವರ ಮನಸ್ಸನ್ನು ನಾಟಿತು. ಶಿಲ್ಪಿ ಬಿ. ಆರ್. ಮಾಣಿಕ್ಯಂರವರ ಮೇಲ್ವಿಚಾರಣೆಯಲ್ಲಿ ಗ್ರಾನೈಟ್ ಶಿಲೆಯ ಮಹಾಮಂದಿರವು ಎದ್ದಿತು: ಉದ್ದ 700 ಅಡಿ, ಅಗಲ 350 ಅಡಿ, ಮುಂಭಾಗದಲ್ಲಿ 40 ಅಡಿಯ 12 ಕಂಬಗಳು, ನಡುವೆ 60 ಅಡಿ ವ್ಯಾಸದ ಗುಮ್ಮಟ. ಕುರುಗೋಡಿನ ಏಕಶಿಲಾ ನಂದಿಯನ್ನು ಕಂಡು ಬೆಳೆದವರಿಗೆ, ಅಷ್ಟು ಗಡುಸಾದ ಕಲ್ಲನ್ನು ಬಳ್ಳಿಹೂಗಳಾಗಿ ಬಿಡಿಸುವ ಶ್ರಮವೆಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಅದೇ ಕಾಲದಲ್ಲಿ ಮಾಸ್ಕೋ ನಗರದಲ್ಲಿಯೂ ಏಳು ಗಗನಚುಂಬಿ ಸೌಧಗಳು ಏಳುತ್ತಿದ್ದವು. ಅವುಗಳಲ್ಲಿ ಅತ್ಯುನ್ನತವಾದ ವಿಶ್ವವಿದ್ಯಾನಿಲಯದ ಸೌಧವು (ಎತ್ತರ ಸುಮಾರು 240 ಮೀಟರು) 1953ರ ಸೆಪ್ಟೆಂಬರ್ 1ರಂದು ತೆರೆಯಲ್ಪಟ್ಟಿತು. ಎರಡು ಕಡೆಯೂ ಸೆರೆಮನೆಯ ಕೈದಿಗಳು ದುಡಿದರು. ಬೆಂಗಳೂರಿನಲ್ಲಿ ದುಡಿದವರನ್ನು ಕೆಲಸ ತೀರಿದ ಮೇಲೆ ಬಿಡುಗಡೆ ಮಾಡಿದರೆಂಬುದು ನಮಗೆ ಗುಮ್ಮಟಕ್ಕಿಂತಲೂ ಹೆಚ್ಚು ನೆನಪಿನಲ್ಲಿಡತಕ್ಕ ಸಂಗತಿಯಾಗಿ ತೋರುತ್ತದೆ.

ವೆಚ್ಚವು ಮೊದಲ ಅಂದಾಜನ್ನು ಬಹಳ ಮೀರಿ ಒಂದೂಮುಕ್ಕಾಲು ಕೋಟಿ ರೂಪಾಯಿಗಳನ್ನು ದಾಟಿತು. ಆಕ್ಷೇಪಣೆಗಳು ಹುಟ್ಟಿದವು, ವಿಚಾರಣೆಯೂ ನಡೆಯಿತು. ಬಡನಾಡಿನಲ್ಲಿ ಇಷ್ಟು ಹಣವನ್ನು ಕಲ್ಲಿಗೆ ಸುರಿಯಬಹುದೇ ಎಂದವರ ಮಾತನ್ನು ನಾವು ಹಗುರವಾಗಿ ಎಣಿಸಲಾರೆವು. ಸೌಧವು ಪೂರ್ತಿಯಾದ 1956ರಲ್ಲಿಯೇ ಹನುಮಂತಯ್ಯನವರು ಅಧಿಕಾರವನ್ನು ಬಿಡಬೇಕಾಯಿತು.

ಇನ್ನು ನಮ್ಮ ಮಾತು. ಗೋಡೆಗಳು ಏಳುತ್ತಿದ್ದಾಗಲೇ ಆಂಧ್ರರಾಜ್ಯವು ರಚಿತವಾಗಿ ನಮ್ಮ ಜಿಲ್ಲೆಯು ಇಬ್ಭಾಗವಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಎಂದಾಯಿತು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ಮಾತ್ರ ವಾದವು ಬಿಸಿಯೇರಿ, ನ್ಯಾಯಮೂರ್ತಿ ಮಿಶ್ರರವರ ವಿಚಾರಣೆಯವರೆಗೆ ಹೋಯಿತು. ಈಗ ತಾನೇ ಒಂದು ತಾಲ್ಲೂಕಾಗಿರುವ ಕುರುಗೋಡು ಆಗ ಈ ತಾಲ್ಲೂಕಿನೊಳಗೇ ಇದ್ದುದರಿಂದ, ಅದರ ಹಣೆಬರಹವೂ ಆ ತೀರ್ಪನ್ನೇ ಕಾದುಕೊಂಡಿದ್ದಿತು. ಕಡೆಗೆ 1953ರ ಅಕ್ಟೋಬರ್ 1ರಂದು ನಾವು ಮೈಸೂರಿನವರಾದೆವು. ಮದರಾಸಿಗೆ ಹೋಗುತ್ತಿದ್ದ ಅರ್ಜಿಗಳು ಬೆಂಗಳೂರಿನ ದಾರಿ ಹಿಡಿದವು.

1956ರ ನವೆಂಬರ್ 1ರಂದು ನದಿಯಾಚೆಯ ಸಿಂಧನೂರಿನವರೂ ಬಂದು ಕೂಡಿದರು. ಅಂದಿನಿಂದ ಎರಡು ದಡದ ಪ್ರತಿನಿಧಿಗಳೂ ಏರುವುದು ಅದೇ ಮೆಟ್ಟಿಲುಗಳನ್ನು. ಸಿರುಗುಪ್ಪಕ್ಕೆ ನೆರೆಯೂರಾದ ಆದವಾನಿಯ ಕನ್ನಡಿಗರು ಮಾತ್ರ ಗಡಿಯಾಚೆ ಉಳಿದರು.