ಗೀಜರ್ ತೆಗೆದ ಮೇಲೆ ಗೋಡೆಯಲ್ಲಿ ಉಳಿಯುವ ಪೈಪು

ಮಿಂದು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದರಿಂದ ದಿನವನ್ನು ಆರಂಭಿಸುವ ನಮ್ಮ ಮನೆತನಗಳಲ್ಲಿ ಬಚ್ಚಲುಮನೆಯ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಮನ್ನಾಏಖೇಳ್ಳಿಯಂತಹ ಊರುಗಳಲ್ಲಿಯೂ ತಾಮ್ರದ ಹಂಡೆಯ ಸ್ಥಾನಕ್ಕೆ ವಿದ್ಯುತ್ ಗೀಜರ್ ಬಂದಿತು. ಈಗ ಹಲವು ಮನೆಗಳಲ್ಲಿ ಅದರ ಸ್ಥಾನಕ್ಕೆ ಸೌರ ಹೀಟರ್ ಬರುತ್ತಿದೆ. ಹೊಸದನ್ನು ಕೂಡಿಸುವಾಗ ಇರುವ ಆಸ್ಥೆ ಹಳೆಯದನ್ನು ತೆಗೆಯುವಾಗ ನಮ್ಮಲ್ಲಿರುವುದಿಲ್ಲ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಸೋರುತ್ತಿದ್ದ ಗೀಜರನ್ನು ತೆಗೆಸಿ, ಪೈಪಿನ ಬಾಯಿಗಳಿಗೆ ಬಟ್ಟೆ ಸುತ್ತಿದ ಮರದ ಬೆಣೆ ಬಡಿಸಿ, ಮೇಲೆ ಸಿಮೆಂಟು ಮೆತ್ತಿಸಿದೆವು. ಮಳೆಗಾಲದಲ್ಲಿ ಪಕ್ಕದ ಕೋಣೆಯ ಗೋಡೆ ತೇವವಾಯಿತು. ಮಳೆನೀರೆಂದೇ ಭಾವಿಸಿ ಮಾಳಿಗೆಯನ್ನು ದುರಸ್ತಿ ಮಾಡಿಸಿದೆವು. ಬೇಸಿಗೆ ಬಂದರೂ ಗೋಡೆ ಆರಲಿಲ್ಲ. ಒಡೆಸಿ ನೋಡಿದರೆ ಬೆಣೆ ಕೊಳೆತಿತ್ತು. ನಮ್ಮ ಭಾಗದ ಕೆಂಪು ಜಂಬಿಟ್ಟಿಗೆಯು ರಂಧ್ರಮಯವಾದ ಕಲ್ಲು, ನೀರನ್ನು ಹೀರಿಕೊಂಡಿತ್ತು. ಅದೇ ಒದ್ದೆ ಗೋಡೆಯಲ್ಲಿ ಹಳೆಯ ಗೀಜರಿನ ತಂತಿ ಇನ್ನೂ ವಿದ್ಯುತ್ ಹೊತ್ತು ಕುಳಿತಿತ್ತು. ಮಕ್ಕಳು ನಿತ್ಯವೂ ಆ ಗೋಡೆಗೆ ಒರಗಿ ಓದುತ್ತಿದ್ದರು! ಮಿಸ್ತ್ರಿಯನ್ನು ಅವಸರಪಡಿಸಿದವರು ನಾವೇ.

ಆದುದರಿಂದ ಗೃಹಸ್ಥರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. ಮೊದಲು ವಿದ್ಯುತ್ತನ್ನು ಮುಖ್ಯ ಫಲಕದಲ್ಲಿಯೇ ಕಡಿದು, ನೀರು ತಣಿಯಲು ಒಂದು ರಾತ್ರಿ ಬಿಡಬೇಕು. ಬಳಿಕ ತಣ್ಣೀರು ಒಳಬರುವ ವಾಲ್ವನ್ನು ಮುಚ್ಚಬೇಕು. ಬಿಸಿನೀರಿನ ನಳ ತೆರೆದರೆ ಗೀಜರ್ ಬರಿದಾಗುವುದೆಂಬುದು ತಪ್ಪು ತಿಳಿವಳಿಕೆ. ಬಿಸಿನೀರು ತೊಟ್ಟಿಯ ಮೇಲ್ಭಾಗದಿಂದ ಹೊರಡುವುದರಿಂದ ಒಳಗಿನ ನೀರು ಹಾಗೆಯೇ ನಿಂತಿರುತ್ತದೆ. ನಳವನ್ನು ತೆರೆದಿಟ್ಟು, ಕೆಳಗೆ ಬಕೆಟ್ ಇರಿಸಿ, ತಣ್ಣೀರಿನ ಜೋಡಣೆಯನ್ನು ಸಡಿಲಿಸಿದಾಗಲೇ ಅದು ಇಳಿಯುವುದು. 25 ಲೀಟರಿನ ಗೀಜರಿನಲ್ಲಿ ನೀರಿನ ಭಾರವೇ 25 ಕಿಲೋ; ತುಂಬಿದ್ದನ್ನು ಕೊಕ್ಕೆಯಿಂದ ಇಳಿಸಬಾರದು.

ಇನ್ನು ಪೈಪಿನ ಮಾತು. ತಣ್ಣೀರು, ಬಿಸಿನೀರು ಎರಡರ ಬಾಯಿಗೂ ಟೆಫ್ಲಾನ್ ಟೇಪು ಸುತ್ತಿ ತಿರುಪಿನ ಮುಚ್ಚಳ ಹಾಕಿಸಬೇಕು. ಬಿಸಿನೀರಿನ ಪೈಪಿಗೆ ಈಗ ನೀರೇ ಬಾರದೆಂದು ಅದನ್ನು ತೆರೆದಿಡುವವರುಂಟು. ಮಿಕ್ಸರ್ ನಳದ ಎರಡೂ ಹಿಡಿಗಳನ್ನು ತೆರೆದಾಗ ತಣ್ಣೀರು ಒಳಗಿನಿಂದಲೇ ಆ ಪೈಪಿಗೆ ದಾಟಿ ಹೊರಚಿಮ್ಮಬಲ್ಲದು. ಮುಚ್ಚಿದ ಮೇಲೆ ಒಂದು ಹಗಲು, ಒಂದು ರಾತ್ರಿ ನೀರು ಬಿಟ್ಟು ಪರೀಕ್ಷಿಸಿ, ಆಮೇಲೆಯೇ ಸಿಮೆಂಟು ಮೆತ್ತಿಸಬೇಕು. ಬಳಸದ ತಂತಿಯನ್ನು ಎಲೆಕ್ಟ್ರಿಷಿಯನ್ನಿಂದ ಮೂಲದಲ್ಲಿಯೇ ಬಿಡಿಸಬೇಕು.

ಆ ಪೈಪು ಮುಂದೆಂದೂ ಬೇಡವಾದರೆ, ಮುಖ್ಯ ಪೈಪಿನಿಂದ ಕವಲೊಡೆಯುವಲ್ಲಿಯೇ ಕತ್ತರಿಸಿ ಮುಚ್ಚಿಸುವುದು ಶ್ರೇಷ್ಠ. ಕುರುಡು ಪೈಪಿನಲ್ಲಿ ನಿಂತ ನೀರು ಕೆಡುತ್ತದೆ. 1977ರಲ್ಲಿ ಅಮೆರಿಕೆಯಲ್ಲಿ ಗುರುತಿಸಲಾದ ಲೀಜಿಯೊನೆಲ್ಲಾ ಎಂಬ ರೋಗಾಣು ಇಂತಹ ನಿಂತ, ಉಗುರುಬೆಚ್ಚನೆಯ ನೀರಿನಲ್ಲಿ ಬೆಳೆಯುತ್ತದೆ. ಶವರಿನ ತುಂತುರಿನೊಡನೆ ಶ್ವಾಸಕೋಶವನ್ನು ಸೇರಬಲ್ಲದು. ಅದೇ ಪೈಪಿಗೆ ಸೌರ ಹೀಟರ್ ಜೋಡಿಸುವವರು ಸಾಮಾನ್ಯ ಪಿವಿಸಿಯನ್ನು ಬಳಸಬಾರದು, ಅದು ಬಿಸಿಗೆ ಮೆತ್ತಗಾಗುತ್ತದೆ, ಸಿಪಿವಿಸಿ ಬೇಕು.

ಇಂಗ್ಲೆಂಡಿನಂತಹ ಚಳಿದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳ ಮನೆಗಳಲ್ಲಿ ಕೋಣೆ ಕಾಯಿಸಲು ಗೋಡೆಗೆ ಬಿಸಿನೀರಿನ ರೇಡಿಯೇಟರ್ ಇರುತ್ತದೆ. ಅದನ್ನು ತೆಗೆಯುವಾಗಲೂ ನಿಯಮ ಇದೇ: ಎರಡೂ ಬದಿಯ ವಾಲ್ವುಗಳನ್ನು ಮುಚ್ಚಿ, ನೀರಿಳಿಸಿ, ಉಳಿದ ಬಾಯಿಗಳಿಗೆ ಮುಚ್ಚಳ ಹಾಕಬೇಕು. ವಾಲ್ವನ್ನು ಮಾತ್ರ ನಂಬಿದರೆ ಒಂದು ದಿನ ಕೋಣೆಯೇ ಕೆರೆಯಾದೀತು.

ಕಣ್ಣಿಗೆ ಕಾಣದ ಕೆಲಸವನ್ನೂ ನಿಷ್ಠೆಯಿಂದ ಮಾಡುವುದೇ ಕಾಯಕ. ಮಿಸ್ತ್ರಿಗೆ ಸಾಕಷ್ಟು ಸಮಯ ಕೊಡೋಣ, ತಕ್ಕ ಕೂಲಿ ಕೊಡೋಣ. ಗೋಡೆ ಮುಚ್ಚುವ ಮುನ್ನ ಒಮ್ಮೆ ನಾವೇ ಬಗ್ಗಿ ನೋಡೋಣ.