ಯೋಬನೂ ಅವನ ಮೂವರು ಗೆಳೆಯರೂ

ಸಾವಾದ ಮನೆಗೆ ಹೋದವರಿಗೆ ಏನನ್ನಾದರೂ ಹೇಳಲೇಬೇಕೆಂಬ ಆತುರ. “ಯಾವ ಜನ್ಮದ ಪಾಪವೋ” ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ. ಹೇಳಿದವರಿಗೆ ಅದು ಸಮಾಧಾನ, ಕೇಳಿದವರಿಗೆ ಆರೋಪ. ಒಳ್ಳೆಯವರಿಗೇಕೆ ಕಷ್ಟವೆಂಬ ಪ್ರಶ್ನೆಯನ್ನು ಕ್ರೈಸ್ತರು ಹೇಗೆ ಎದುರಿಸುತ್ತಾರೆಂಬುದನ್ನು ತಿಳಿಯಬೇಕಾದರೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಯೋಬನ ಗ್ರಂಥದಿಂದ ಹೊರಡಬೇಕು. ಅದರ 42 ಅಧ್ಯಾಯಗಳ ಬಹುಭಾಗ ಇಂಥ ಸಮಾಧಾನದ ಮಾತುಗಳ ವಿಚಾರಣೆಯೇ ಆಗಿದೆ.

ಊಚ್ ದೇಶದ ಯೋಬನು ದೈವಭಕ್ತ, ನಿರ್ದೋಷಿ. ಏಳು ಗಂಡು, ಮೂರು ಹೆಣ್ಣು ಮಕ್ಕಳು; 7,000 ಕುರಿ, 3,000 ಒಂಟೆ. ಇವನ ಭಕ್ತಿಯೆಲ್ಲ ಲಾಭಕ್ಕಾಗಿ, ಇದ್ದುದನ್ನು ಕಿತ್ತುಕೊಂಡರೆ ಬಣ್ಣ ಬಯಲಾಗುವುದೆಂದು ದೇವರ ಸನ್ನಿಧಿಯಲ್ಲಿ ಸೈತಾನನು ವಾದಿಸಿದನು. ದೇವರು ಪರೀಕ್ಷೆಗೆ ಅನುಮತಿಯಿತ್ತನು. ಒಂದೇ ದಿನದಲ್ಲಿ ಸಂಪತ್ತೂ ಮಕ್ಕಳೂ ಹೋದರು. ಬಳಿಕ ಮೈತುಂಬ ಹುಣ್ಣು. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಬಲ್ಲವರಿಗೆ ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ನಡೆದ ವಾದ ನೆನಪಾಗದಿರದು. ಆದರೆ ಯಾವ ಮಾತನ್ನು ಉಳಿಸಲು ತಾನು ನೋಯುತ್ತಿರುವೆನೆಂಬುದು ಹರಿಶ್ಚಂದ್ರನಿಗೆ ಗೊತ್ತಿತ್ತು. ಯೋಬನಿಗೆ ಅದೂ ಇಲ್ಲ.

ಎಲೀಫಜ, ಬಿಲ್ದದ, ಚೋಫರರೆಂಬ ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನನಗೆ ತೋರುತ್ತದೆ. ಯೋಬನು ತಾನು ಹುಟ್ಟಿದ ದಿನವನ್ನು ಶಪಿಸಿದ ಮೇಲೆ ಅವರಿಂದ ಸುಮ್ಮನಿರಲಾಗಲಿಲ್ಲ. ದೇವರು ನ್ಯಾಯವಂತ, ದಂಡನೆ ಬಂದಿದೆ, ಆದುದರಿಂದ ನೀನು ತಪ್ಪು ಮಾಡಿರಲೇಬೇಕು. ಇದು ಅವರ ತರ್ಕ. ಯೋಬನು ಒಪ್ಪದಿರಲು, ಬಡವರ ಬಟ್ಟೆ ಕಸಿದವನೆಂದೂ ವಿಧವೆಯರನ್ನು ಬರಿಗೈಯಲ್ಲಿ ಅಟ್ಟಿದವನೆಂದೂ ಎಲೀಫಜನು ಇಲ್ಲದ ಪಾಪಗಳನ್ನು ಎಣಿಸತೊಡಗಿದನು. ತರ್ಕ ಉಳಿಯಬೇಕಾದರೆ ಗೆಳೆಯನು ಕೆಟ್ಟವನಾಗಬೇಕಾಯಿತು! ಯೋಬನಾದರೋ ದೇವರೊಡನೆಯೇ ವ್ಯಾಜ್ಯಕ್ಕೆ ನಿಂತನು.

ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡಿದನು. ಕಷ್ಟದ ಕಾರಣವನ್ನು ಮಾತ್ರ ಹೇಳಲಿಲ್ಲ. ಭೂಮಿಯ ಅಸ್ತಿವಾರ, ಕಡಲಿನ ಕದಗಳು, ಮನುಷ್ಯರಿಲ್ಲದ ಕಾಡಿನಲ್ಲಿ ಸುರಿಯುವ ಮಳೆ, ಬೆಟ್ಟದ ಮೇಕೆ ಈಯುವ ಕಾಲ, ಇವನ್ನು ಕುರಿತು ಪ್ರಶ್ನೆಯ ಮೇಲೆ ಪ್ರಶ್ನೆ. ಯೋಬನು ತನ್ನ ಅಳತೆಯನ್ನರಿತು ತಲೆಬಾಗಿದನು. ಆದರೆ ದೇವರ ಕೋಪ ತಿರುಗಿದುದು ಗೆಳೆಯರ ಮೇಲೆ. ತನ್ನ ಪರವಾಗಿ ವಕಾಲತ್ತು ವಹಿಸಿದ ಅವರು ಸರಿಯಾಗಿ ನುಡಿಯಲಿಲ್ಲ, ಯೋಬನೇ ಸರಿಯಾಗಿ ನುಡಿದನೆಂದು ತೀರ್ಪಾಯಿತು. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು. ಆಮೇಲೆ ಕುರಿ ಒಂಟೆಗಳು ಇಮ್ಮಡಿಯಾದುವು. ಮತ್ತೆ ಹತ್ತು ಮಕ್ಕಳಾದರು. ಈ ಸುಖಾಂತ ನನ್ನ ಮನಸ್ಸಿಗೆ ಪೂರ್ತಿ ಒಗ್ಗದು. ಸತ್ತ ಮಕ್ಕಳ ಜಾಗವನ್ನು ಬೇರೆ ಮಕ್ಕಳು ತುಂಬುವರೆ?

ಹೊಸ ಒಡಂಬಡಿಕೆಯಲ್ಲಿ ಇದೇ ಪ್ರಶ್ನೆ ಯೇಸುವಿನ ಮುಂದೆ ಬರುತ್ತದೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದರು. ಎರಡೂ ಅಲ್ಲವೆಂದು ಹೇಳಿ ಯೇಸು ಅವನಿಗೆ ಕಣ್ಣು ಕೊಟ್ಟನು. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದೂ, ಕೇಳುತ್ತಿರುವವರು ತಮ್ಮ ಮನಸ್ಸನ್ನು ತಿರುಗಿಸಿಕೊಳ್ಳಬೇಕೆಂದೂ ಹೇಳಿದನು. ಕಡೆಗೆ ನಿರಪರಾಧಿಯಾದ ಅವನೇ ಶಿಲುಬೆಯ ಮೇಲೆ, ದೇವರು ತನ್ನನ್ನೇಕೆ ಕೈಬಿಟ್ಟನೆಂದು ಕೂಗಿದನು. ಕ್ರೈಸ್ತರ ನಂಬಿಕೆಯಲ್ಲಿ ಅವನು ದೇವರ ಮಗನು. ಎಂದರೆ ಯೋಬನ ಪ್ರಶ್ನೆಯನ್ನು ಈ ಸಲ ದೇವರೇ ಮನುಷ್ಯರ ಕಡೆ ನಿಂತು ಕೇಳಿದಂತಾಯಿತು. ಮೂರನೆಯ ದಿನ ಅವನು ಎದ್ದು ಬಂದನೆಂಬುದು ಅವರ ಭರವಸೆ. ಹಾಗೆ ಬಂದವನ ಕೈಗಳಲ್ಲಿ ಮೊಳೆಯ ಗಾಯಗಳು ಮಾಯದೆ ಇದ್ದುವೆಂದು ಯೋಹಾನನ ಸುವಾರ್ತೆ ಹೇಳುತ್ತದೆ.